ಗೋವನ್ ಬಾರಿನಲ್ಲಿ ಒಬ್ಬ ರಾಜಾಜಿನಗರದವನು

(ಇತ್ತೀಚೆಗೆ ಬಸವನಗುಡಿಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಲ್ಲಿ ತೊದಲಿದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಒಂದು ಪ್ರಶ್ನೆಯನ್ನು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ರವಾಸದ ಬಗ್ಗೆ ಮಾತಾಡಿ ಅಂತ ಇವರು ಫೋನ್ ಮಾಡಿದಾಗ ಖುಷಿಯಿಂದ ಒಪ್ಪಿಕೊಂಡೆ. "ಯಾವ ಜಾಗದ ಬಗ್ಗೆ ಸಾರ್?" ಅಂದರು. "ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಲ್ಲಿ ಗೋವನ್ ಅಂತ ಒಂದು ಬಡಾವಣೆ, ಅಲ್ಲಿನ ಒಂದು ಬಾರ್ ಬಗ್ಗೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಆಹ್ವಾನ ಪತ್ರಿಕೆ ಬಂತು. "ಸ್ಕಾಟ್ಲೆಂಡ್: ಒಂದು ಅನುಭವ" ಅಂತ ಅಚ್ಚಾಗಿತ್ತು. ಕೋಟೆ, ಕೆರೆ, ಬೆಟ್ಟದ ಮೇಲೆ ಕುರಿ, ಇದೆಲ್ಲ ಬರುತ್ತೆ ಅಂತ ಬಂದವರು ಈಗಲೇ ಕಾಫಿಗೆ ಎದ್ದು ಹೋಗಬಹುದು. ನನಗೇನೂ ಬೇಜಾರಿಲ್ಲ.

ಗ್ಲಾಸ್ಗೋಗೆ ಹೋಗುವ ಮೊದಲು ರಾಜಾಜಿನಗರಕ್ಕೆ ಹೋಗಬೇಕು.

ನಮ್ಮ ಮನೆ ಅಲ್ಲೇ ಇತ್ತು. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್. ಸಂಜೆ ಫ್ಯಾಕ್ಟರಿ ಬಸ್ಸು ಅವರನ್ನು ಮೇನ್ ರೋಡಿನಲ್ಲಿ ಇಳಿಸಿ ಹೋಗುತ್ತಿತ್ತು. ಬಸ್ ಸ್ಟಾಪಿಗೂ ನಮ್ಮ ಮನೆಗೂ ನಡುವೆ ನಾಲ್ಕು ಕ್ರಾಸ್, ಒಂದು ಗಣೇಶನ ಗುಡಿ, ಒಂದು ಹಿಟ್ಟಿನ ಗಿರಣಿ, ಒಂದು ಬಾರ್. ಗುಡಿಯಲ್ಲಿ ಅಪ್ಪ ನಿಲ್ಲುತ್ತಿರಲಿಲ್ಲ.

ವಾರಕ್ಕೆ ಎರಡು ಸಲವಾದರೂ ಅಮ್ಮ ನನ್ನನ್ನು ಕಳಿಸುತ್ತಿದ್ದರು. "ಹೋಗಿ ಅಪ್ಪನ್ನ ಕರ್ಕೊಂಡು ಬಾ. ಒಳಗೆ ಮಾತ್ರ ಹೋಗಬೇಡ." ಆಗಿನ ಬಾರ್‌ಗಳಿಗೆ ಅರ್ಧ ಬಾಗಿಲು ಇರುತ್ತಿತ್ತು, ನೆನಪಿದೆಯಾ? ಎರಡು ರೆಕ್ಕೆ. ಮೇಲೂ ಖಾಲಿ, ಕೆಳಗೂ ಖಾಲಿ. ಯಾರಾದರೂ ತಳ್ಳಿಕೊಂಡು ಹೋದರೆ ಸ್ವಲ್ಪ ಹೊತ್ತು ತೂಗಾಡಿ ನಿಲ್ಲುತ್ತಿತ್ತು. ರಸ್ತೆಯಲ್ಲಿ ಹೋಗುವ ದೊಡ್ಡವರಿಗೆ ಒಳಗೆ ಕೂತವರ ಮುಖ ಕಾಣಬಾರದು ಅಂತ ಮಾಡಿದ ಏರ್ಪಾಡು. ಆದರೆ ಏಳೆಂಟು ವರ್ಷದ ಹುಡುಗನಿಗೆ ಬಾಗಿಲ ಕೆಳಗಿಂದ ಒಳಗಿನ ಕಾಲುಗಳೆಲ್ಲ ಕಾಣುತ್ತಿದ್ದವು. ಹವಾಯಿ ಚಪ್ಪಲಿ, ಟೈರ್ ಚಪ್ಪಲಿ, ಬರಿಗಾಲು, ಯಾರದೋ ಪಾಲಿಶ್ ಮಾಡಿದ ಶೂ. ಅಪ್ಪನ ಫ್ಯಾಕ್ಟರಿ ಬೂಟು ನನಗೆ ಗುರುತು. ಬಲಗಾಲಿನ ತುದಿಯಲ್ಲಿ ಚರ್ಮ ಸವೆದು ಒಳಗಿನ ಕಬ್ಬಿಣ ಒಂದು ರೂಪಾಯಿ ನಾಣ್ಯದಷ್ಟು ಅಗಲ ಹೊಳೆಯುತ್ತಿತ್ತು. ಅದು ಕಂಡಿತು ಅಂದರೆ ಅಪ್ಪ ಒಳಗಿದ್ದಾರೆ ಅಂತ ಲೆಕ್ಕ. ನಾನು ಬಾಗಿಲಿನ ಎದುರು ಫುಟ್‌ಪಾತಿನಲ್ಲಿ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಪ್ಪ ತಾವೇ ಹೊರಗೆ ಬರುತ್ತಿದ್ದರು. ಇಬ್ಬರೂ ಮಾತಾಡದೆ ಮನೆ ಕಡೆ ನಡೆಯುತ್ತಿದ್ದೆವು. ದಾರಿಯಲ್ಲಿ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ ನನ್ನ ಕೈಗೆ ಬರುತ್ತಿತ್ತು. ಲಂಚ ಅಂತ ಈಗ ಅನ್ನಿಸುತ್ತದೆ.

ಆ ಬಾರಿನೊಳಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ದೊಡ್ಡವನಾದ ಮೇಲೂ ಇಲ್ಲ. ಇಂಜಿನಿಯರಿಂಗ್ ಓದಿದೆ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿತು, ಜೆ.ಪಿ. ನಗರದಲ್ಲಿ ಫ್ಲ್ಯಾಟ್ ಆಯಿತು. ಕುಡಿಯಲಿಲ್ಲ ಅಂತ ಸುಳ್ಳು ಹೇಳಲ್ಲ. ಚರ್ಚ್ ಸ್ಟ್ರೀಟಿನಲ್ಲಿ, ಇಂದಿರಾನಗರದಲ್ಲಿ ಸಹೋದ್ಯೋಗಿಗಳ ಜೊತೆ ಕೂತಿದ್ದೇನೆ. ಅಲ್ಲಿ ಯಾರು ನೋಡಿದರೂ ಪರವಾಗಿಲ್ಲ. ಎದುರಿಗೆ ಸಿಕ್ಕವರಿಗೆ ನಾವೇ ಕೈ ಬೀಸುತ್ತೇವೆ. ಆದರೆ ಮೂಲೆ ಬಾರಿಗೆ ಹೋದರೆ? "ಯಾರಾದ್ರೂ ನೋಡಿದ್ರೆ?" ಎರಡೂ ಕಡೆ ಲೋಟದಲ್ಲಿ ಇರೋದು ಎಣ್ಣೆಯೇ. ಒಂದಕ್ಕೆ ವೀಕೆಂಡ್ ಅಂತ ಹೆಸರು, ಇನ್ನೊಂದಕ್ಕೆ ಕುಡಿತ ಅಂತ ಹೆಸರು.

ಅಪ್ಪ 2009ರಲ್ಲಿ ತೀರಿಕೊಂಡರು. 2018ರ ಅಕ್ಟೋಬರ್‌ನಲ್ಲಿ ಕಂಪನಿ ನನ್ನನ್ನು ಮೂರು ತಿಂಗಳಿಗೆ ಗ್ಲಾಸ್ಗೋಗೆ ಕಳಿಸಿತು.

ಪಾರ್ಟಿಕ್ ಅನ್ನೋ ಬಡಾವಣೆಯಲ್ಲಿ ರೂಮು. ಕ್ಲೈಡ್ ನದಿಯ ಉತ್ತರ ದಡ. ಎದುರು ದಡದಲ್ಲಿ ಗೋವನ್. ಕಿಟಕಿಯಿಂದ ಅಲ್ಲಿನ ಹಡಗು ಕಟ್ಟೆಯ, ಅಂದರೆ ಹಡಗು ತಯಾರಿಸುವ ಜಾಗದ, ಕ್ರೇನು ಕಾಣುತ್ತಿತ್ತು. ಆದರೆ ದಾಟಲು ಅಲ್ಲಿ ಸೇತುವೆ ಇರಲಿಲ್ಲ. ಅದು ಆಗಿದ್ದು ಮೊನ್ನೆ ಮೊನ್ನೆ, 2024ರಲ್ಲಿ. ಆಗ ನದಿಯ ಕೆಳಗೆ ಹೋಗುವ ಸಬ್‌ವೇ ರೈಲು ಹತ್ತಬೇಕಿತ್ತು. ಪಾರ್ಟಿಕ್ ಬಿಟ್ಟರೆ ಮುಂದಿನ ಸ್ಟೇಷನ್ನೇ ಗೋವನ್. 1896ರಲ್ಲಿ ಶುರುವಾದ ರೈಲು ಅದು. ಒಟ್ಟು 15 ಸ್ಟೇಷನ್ನು, ಗುಂಡಗೆ ಸುತ್ತುತ್ತಾ ಇರುತ್ತದೆ. ನಿದ್ದೆ ಹೋದರೂ ಊರು ತಪ್ಪೋದಿಲ್ಲ, ಮತ್ತೆ ನಿಮ್ಮ ಸ್ಟೇಷನ್ನಿಗೇ ಬರುತ್ತೀರಿ. ಡಬ್ಬಿಗಳು ಎಷ್ಟು ಚಿಕ್ಕವು ಅಂದರೆ ನಮ್ಮ ಮೆಟ್ರೋ ಪಕ್ಕದಲ್ಲಿ ನಿಲ್ಲಿಸಿದರೆ ಜಾತ್ರೆಯಲ್ಲಿ ಕೊಂಡ ಆಟದ ಸಾಮಾನು ಅನ್ನಬೇಕು.

ಆಫೀಸಿನಲ್ಲಿ ಒಬ್ಬರು ಹೇಳಿದ್ದರು, "ಗೋವನ್‌ಗೆ ಹಗಲು ಹೋಗು, ಸಂಜೆ ಬೇಡ." ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ! ನಮ್ಮ ಊರಲ್ಲೂ ಕೆಲವು ಬಡಾವಣೆಗಳ ಹೆಸರು ಎತ್ತಿದರೆ ಜನ ಇದನ್ನೇ ಹೇಳುತ್ತಾರೆ. ಹೇಳುವವರು ಅಲ್ಲಿಗೆ ಹೋಗಿರುವುದಿಲ್ಲ. ಹಾಗಾಗಿ ನಾನು ಸಂಜೆಯೇ ಹೋದೆ.

ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಒಂದು ಕಂಚಿನ ಮೆರವಣಿಗೆ. ಮುಂದೆ ಒಬ್ಬ ಹೆಂಗಸು, ಹಿಂದೆ ಜನ. ಮೇರಿ ಬಾರ್ಬರ್. ಆ ವರ್ಷದ ಮಾರ್ಚ್‌ನಲ್ಲಷ್ಟೇ ಪ್ರತಿಮೆ ಅನಾವರಣವಾಗಿತ್ತು. 1915ರಲ್ಲಿ, ಯುದ್ಧದ ಕಾಲ, ಹಡಗು ಕಟ್ಟೆ ಮತ್ತು ಮದ್ದುಗುಂಡು ಕಾರ್ಖಾನೆಗಳಿಗೆ ಜನ ತುಂಬಿಕೊಂಡಿದ್ದರು. ಮನೆ ಮಾಲೀಕರು ಸಮಯ ನೋಡಿ ಬಾಡಿಗೆ ಏರಿಸಿದರು. ಈ ಹೆಂಗಸರು ಬಾಡಿಗೆ ಕೊಡಲ್ಲ ಅಂತ ಕೂತರು. ಮನೆ ಖಾಲಿ ಮಾಡಿಸಲು ಬಂದವರನ್ನು ಓಡಿಸಿದರು. ಅದೇ ವರ್ಷ ಸರ್ಕಾರ ಬಾಡಿಗೆಗೆ ಮಿತಿ ಹಾಕುವ ಕಾಯ್ದೆ ತರಬೇಕಾಯಿತು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟ ಅನುಭವ ನನಗಿತ್ತು. ಪ್ರತಿಮೆ ಮುಂದೆ ಸ್ವಲ್ಪ ಜಾಸ್ತಿ ಹೊತ್ತೇ ನಿಂತೆ.

ಬಾರು ಅಲ್ಲಿಂದ ಐದು ನಿಮಿಷದ ನಡಿಗೆ. ಹೆಸರು ಬೇಡ, ನನ್ನ ಮಾತಿನಲ್ಲಿ ಬರೋಕೆ ಅವರೇನೂ ಒಪ್ಪಿಗೆ ಕೊಟ್ಟಿಲ್ಲ. ಕಿಟಕಿಗಳು ತಲೆಗಿಂತ ಎತ್ತರ, ಗಾಜಿಗೆಲ್ಲ ಮಂಜು ಹಿಡಿಸಿದ ಹಾಗೆ ಬಿಳಿ. ಹೊರಗಿನಿಂದ ಏನೂ ಕಾಣದು. ಹಳೇ ಬಾರ್‌ಗಳೆಲ್ಲ ಹೀಗೇ ಇರುತ್ತವಂತೆ, ದಾರಿಹೋಕರ ಕಣ್ಣಿಗೆ ಬೀಳಬಾರದು ಅಂತ. ನಮ್ಮವರು ಬಾಗಿಲು ಕತ್ತರಿಸಿದರು, ಅವರು ಗಾಜು ಮಸುಕು ಮಾಡಿದರು.

ಒಳಗೆ ಹೋದೆ. ಸಿನಿಮಾದಲ್ಲಿ ಆದ ಹಾಗೆ ಎಲ್ಲರೂ ತಿರುಗಿ ನೋಡಿ ಮೌನವಾದರು ಅಂತ ಹೇಳಲು ಆಸೆ. ಆಗಲಿಲ್ಲ. ಟಿವಿಯಲ್ಲಿ ಕುದುರೆ ರೇಸು ಓಡುತ್ತಿತ್ತು, ಎಲ್ಲರ ಕಣ್ಣು ಅಲ್ಲಿ. ಸ್ಕಾಟ್ಲೆಂಡಿನಲ್ಲಿ 2006ರ ಮಾರ್ಚ್‌ನಿಂದ ಬಾರ್ ಒಳಗೆ ಸಿಗರೇಟ್ ಇಲ್ಲ. ಹಾಗಾಗಿ ಹಳೇ ಕಾರ್ಪೆಟ್ಟು ಕುಡಿದ ಬಿಯರ್ ವಾಸನೆ ಮತ್ತು ಟಾಯ್ಲೆಟ್ ಕಡೆಯಿಂದ ಫಿನಾಯಿಲ್ ವಾಸನೆ, ಎರಡೇ. ಒಂದು ಟೇಬಲ್ ಹಿಡಿದು ಕೂತೆ.

ಕೂತೇ ಇದ್ದೆ. ಹತ್ತು ನಿಮಿಷ, ಹದಿನೈದು ನಿಮಿಷ. ಯಾರೂ ಬರಲಿಲ್ಲ. ನಮ್ಮಲ್ಲಿ ಎಷ್ಟೇ ಡಬ್ಬಾ ಬಾರ್ ಆದರೂ ಕೂತ ತಕ್ಷಣ ಸಪ್ಲೈಯರ್ ಬಂದು ಟೇಬಲ್ ಒರೆಸಿ, ನೀರಿನ ಬಾಟಲು ಕುಟ್ಟಿ ಇಟ್ಟು, "ಏನ್ ಹೇಳ್ಲಿ ಸಾರ್?" ಅನ್ನುತ್ತಾನೆ. ಇಲ್ಲಿ ಬಣ್ಣದ ಕಾರಣಕ್ಕೆ ನನ್ನನ್ನು ಕಡೆಗಣಿಸುತ್ತಿದ್ದಾರೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಮನಸ್ಸಿನಲ್ಲೇ ಒಂದು ಭಾಷಣವೂ ತಯಾರಾಯಿತು. ಅಷ್ಟರಲ್ಲಿ ಗಮನಕ್ಕೆ ಬಂತು, ಅಲ್ಲಿ ಯಾರ ಹತ್ತಿರವೂ ಯಾರೂ ಹೋಗುತ್ತಿಲ್ಲ. ಎಲ್ಲರೂ ತಾವೇ ಎದ್ದು ಕೌಂಟರಿಗೆ ಹೋಗಿ, ಕೇಳಿ, ಕಾಸು ಕೊಟ್ಟು, ಲೋಟ ಹಿಡಿದು ಬರುತ್ತಿದ್ದಾರೆ. ನಮ್ಮ ದರ್ಶಿನಿ ಲೆಕ್ಕ. ಸೆಲ್ಫ್ ಸರ್ವಿಸ್! ಭಾಷಣವನ್ನು ನುಂಗಿಕೊಂಡು ಎದ್ದೆ.

ಕೌಂಟರಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ಏನೋ ಕೇಳಿದರು. ಅವರ ಇಂಗ್ಲಿಷ್‌ಗೂ ನನ್ನ ಇಂಗ್ಲಿಷ್‌ಗೂ ಪರಿಚಯವೇ ಇರಲಿಲ್ಲ. ಪಕ್ಕದವನ ಲೋಟ ತೋರಿಸಿ ಅದೇ ಅಂದೆ. ಒಂದು ಪೈಂಟ್ ಬಂತು. ಪೈಂಟ್ ಅಂದರೆ 568 ಎಂಎಲ್. ಟೆನೆಂಟ್ಸ್ ಅನ್ನೋ ಲಾಗರ್ ಬಿಯರ್, 1885ರಿಂದ ಅದೇ ಊರಲ್ಲಿ ಕಾಯಿಸುತ್ತಿದ್ದಾರೆ. ಪಕ್ಕದವನ ಮುಂದೆ ಬಿಯರ್ ಜೊತೆ ಒಂದು ಪುಟ್ಟ ವಿಸ್ಕಿಯೂ ಇತ್ತು. ಅರ್ಧ ಪೈಂಟ್ ಬಿಯರ್, ಜೊತೆಗೊಂದು ಸಣ್ಣ ವಿಸ್ಕಿ, ಆ ಜೋಡಿಗೆ ಅಲ್ಲಿ "ಹಾಫ್ ಅಂಡ್ ಎ ಹಾಫ್" ಅಂತಾರೆ. ವಿಸ್ಕಿ ಅಳತೆ 25 ಅಥವಾ 35 ಎಂಎಲ್. ನೈಂಟಿ, ಕ್ವಾರ್ಟರ್ ಅಂತ ಎಣಿಸುವ ಊರಿನಿಂದ ಹೋದವನಿಗೆ ಅದು ತೀರ್ಥ ಕೊಟ್ಟ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ. ನೆಂಚಿಕೊಳ್ಳೋಕೆ ಆಲೂಗಡ್ಡೆ ಚಿಪ್ಸ್ ಬಿಟ್ಟರೆ ಏನೂ ಇಲ್ಲ. ನಮ್ಮಲ್ಲಿ ಕುಡಿಯೋದೇ ತಿನ್ನೋಕೆ ಒಂದು ನೆಪ. ಬೋಟಿ, ಮೊಟ್ಟೆ, ಚಿಲ್ಲಿ ಚಿಕನ್ನು, ಕೊನೆಗೆ ನಾಲಿಗೆಗೆ ಇಷ್ಟು ಉಪ್ಪಿನಕಾಯಿ. ಅಲ್ಲಿ ಜನ ಬರೀ ಹೊಟ್ಟೆಯಲ್ಲಿ ಸುಮ್ನೆ ಕುಡಿಯುತ್ತಾ ನಿಂತಿರುತ್ತಾರೆ. ನೋಡಿದರೆ ಪಾಪ ಅನ್ನಿಸುತ್ತದೆ.

ಪಕ್ಕದಲ್ಲಿದ್ದವರಿಗೆ ಅರವತ್ತೈದರ ಹತ್ತಿರ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆ ಸ್ವೆಟರ್ ತೆಗೆದು ಕುರ್ಚಿ ಮೇಲೆ ಹಾಕು ಸನ್, ಒಳಗೆ ಬೆಚ್ಚಗಿದೆ" ಅಂದರು. "ಸನ್" ಅಂದರೆ ಅಲ್ಲಿ ನಮ್ಮ "ಮಗಾ" ಇದ್ದ ಹಾಗೆ, ಯಾರಿಗೆ ಬೇಕಾದರೂ ಅನ್ನಬಹುದು. ನಮ್ಮತ್ತೆ ಹೆಣೆದುಕೊಟ್ಟ ಸ್ವೆಟರ್ ಅದು. ಎಲೆ ಹಸಿರು ಬಣ್ಣ, ಮಧ್ಯೆ ಬಿಳಿ ಪಟ್ಟಿ. ನನಗೆ ಸೆಕೆಯೇನೂ ಆಗಿರಲಿಲ್ಲ. ದೊಡ್ಡವರು ಹೇಳಿದರು ಅಂತ ತೆಗೆದೆ. ಅವರೇ ಅದನ್ನು ಇಸಿದುಕೊಂಡು, ಒಳಮಗ್ಗುಲು ಹೊರಗೆ ಮಾಡಿ ಮಡಿಸಿ, ಕುರ್ಚಿಯ ಮೇಲೆ ಇಟ್ಟು, ಅದರ ಮೇಲೆ ತಮ್ಮ ಕೋಟು ಹಾಕಿದರು.

ಮಾರನೇ ದಿನ ಆಫೀಸಿನಲ್ಲಿ ಇದನ್ನು ಹೇಳಿದಾಗ ಅಲ್ಲಿನ ಹುಡುಗ ಕಾಫಿ ಲೋಟ ಕೆಳಗಿಟ್ಟ. ಗೋವನ್ ಪಕ್ಕದಲ್ಲೇ ಐಬ್ರಾಕ್ಸ್, ರೇಂಜರ್ಸ್ ಫುಟ್‌ಬಾಲ್ ತಂಡದ ಮೈದಾನ. ರೇಂಜರ್ಸ್ ನೀಲಿ, ಪ್ರಾಟೆಸ್ಟೆಂಟರ ತಂಡ ಅಂತ ಹೆಸರು. ಊರಿನ ಇನ್ನೊಂದು ತುದಿಯಲ್ಲಿ ಸೆಲ್ಟಿಕ್, ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ಬಡವರಿಗಾಗಿ ಹುಟ್ಟಿದ್ದು. ಅವರ ಬಣ್ಣ ಹಸಿರು ಬಿಳಿ. ನೂರಾರು ವರ್ಷದ ಜಗಳ ಈ ಎರಡು ಬಣ್ಣಗಳಲ್ಲಿ ಬಂದು ಕೂತಿದೆ. ಎಷ್ಟೋ ಬಾರ್‌ಗಳ ಬಾಗಿಲಲ್ಲೇ "ಫುಟ್‌ಬಾಲ್ ಬಣ್ಣ ಹಾಕಿಕೊಂಡು ಬರಬೇಡಿ" ಅಂತ ಬೋರ್ಡ್ ಇರುತ್ತದೆ. ನಾನು ಓದಿರಲಿಲ್ಲ. ಆ ಹಿರಿಯರು ಫುಟ್‌ಬಾಲ್ ಅನ್ನೋ ಪದವನ್ನೇ ಎತ್ತಲಿಲ್ಲ ನೋಡಿ. ಬೆಚ್ಚಗಿದೆ ಅಂದರು, ಅಷ್ಟೇ. ಮಂಡ್ಯದ ಕಡೆಯ ನಮ್ಮ ದೊಡ್ಡಪ್ಪ ಹೀಗೇ ಇದ್ದರು. ಯಾರದಾದರೂ ಪಂಚೆ ಜಾರಿದ್ದರೆ "ಗಾಳಿ ಜಾಸ್ತಿ ಕಣಪ್ಪಾ" ಅನ್ನುತ್ತಿದ್ದರು.

ಈಗ ರೌಂಡ್ ವಿಷಯಕ್ಕೆ ಬರುತ್ತೇನೆ. ಆ ರಾತ್ರಿಯ ದೊಡ್ಡ ಪಾಠ ಅದು, ದೊಡ್ಡ ಅವಮಾನವೂ ಅದೇ.

ಹಿರಿಯರ ಜೊತೆ ಇನ್ನೂ ಮೂವರು ನಿಂತಿದ್ದರು. ಒಬ್ಬ ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡು ಡ್ಯೂಟಿಯಿಂದ ನೇರ ಬಂದವನು. ಹಿರಿಯರು ನನ್ನ ಲೋಟ ಮುಗಿಯುತ್ತಾ ಬಂದಿದ್ದು ನೋಡಿ, "ಏನು ತಗೋತೀಯಾ?" ಅಂದರು. ನಾನು ನಮ್ಮ ಊರಿನ ಸಂಸ್ಕಾರ ತೋರಿಸಿದೆ. "ಅಯ್ಯೋ ಬೇಡ ಬೇಡ, ನಾನೇ ತಗೋತೀನಿ." ನಮ್ಮಲ್ಲಿ ಇದಕ್ಕೆ ಅರ್ಥ, ಇನ್ನೆರಡು ಸಲ ಒತ್ತಾಯ ಮಾಡಿ ಅಂತ. ಅಲ್ಲಿ ಅರ್ಥ, ನಿನ್ನ ಜೊತೆ ನಿಲ್ಲೋಕೆ ಇಷ್ಟ ಇಲ್ಲ ಅಂತ. ಅವರ ಮುಖ ಸಣ್ಣಗಾಯಿತು. ಗಾಬರಿಯಾಗಿ ಹೂಂ ಅಂದೆ. ಹೂಂ ಅಂದ ಮೇಲೆ ನಾನು ಸಾಲಿನಲ್ಲಿ ಸೇರಿಹೋದೆ, ಅದು ನನಗೆ ಗೊತ್ತಾಗಲಿಲ್ಲ.

ಅವರು ಐದು ಜನಕ್ಕೂ ತಂದರು. ಆಮೇಲೆ ಹಳದಿ ಜಾಕೆಟ್ಟಿನವನು ಐದು ಜನಕ್ಕೂ ತಂದ. ನಾನು "ಎಷ್ಟು ಒಳ್ಳೆ ಜನ" ಅಂದುಕೊಂಡು ಕುಡಿಯುತ್ತಿದ್ದೆ. ಕೊನೆಯಲ್ಲಿ ಬಿಲ್ ಬರುತ್ತೆ, ಆಗ ನಾನು ಕೌಂಟರಿಗೆ ಓಡಿ ಎಲ್ಲರ ಕೈ ತಳ್ಳಿ ಕೊಟ್ಟುಬಿಡೋಣ, ನಮ್ಮಲ್ಲಿ ಮಾಡುವ ಹಾಗೆ. ಆದರೆ ಅಲ್ಲಿ ಕೊನೆಯ ಬಿಲ್ ಅನ್ನೋದೇ ಇಲ್ಲ. ಲೋಟಗಳು ಖಾಲಿಯಾದವು. ಎಲ್ಲರೂ ಟಿವಿ ನೋಡತೊಡಗಿದರು. ಕುದುರೆ ರೇಸು ಮುಗಿದು ಯಾವುದೋ ಸೋಫಾ ಜಾಹೀರಾತು ಬರುತ್ತಿತ್ತು, ಅದನ್ನೂ ಗಮನವಿಟ್ಟು ನೋಡಿದರು. ಕೌಂಟರಿನ ಹೆಂಗಸು ಬಂದು ಐದೂ ಖಾಲಿ ಲೋಟಗಳನ್ನು ಎತ್ತಿ, ಒಂದೊಂದಾಗಿ, ಸಾಲಾಗಿ, ನನ್ನ ಮುಂದೆ ಇಟ್ಟರು. ಏನೂ ಹೇಳಲಿಲ್ಲ. ಬಟ್ಟೆ ತಗೊಂಡು ಬೇರೆ ಕಡೆ ಒರೆಸಲು ಹೋದರು.

ಐದು ಲೋಟ ನೋಡಿದೆ. ಆಗ ತಲೆಗೆ ಹತ್ತಿತು.

ನಾವು ಬೈ ಟು ಕಾಫಿಯ ಜನ. ಒಂದನ್ನು ಇಬ್ಬರು ಹಂಚಿಕೊಳ್ಳುವುದರಲ್ಲಿ ನಮ್ಮ ಸ್ನೇಹ. ರೌಂಡ್ ಅದರ ಉಲ್ಟಾ, ಒಬ್ಬ ಐವರಿಗೆ ಕೊಡಿಸುತ್ತಾನೆ, ಐವರೂ ಹಾಗೇ ಮಾಡುತ್ತಾರೆ, ಕೊನೆಗೆ ಎಲ್ಲರ ಜೇಬಿನಿಂದಲೂ ಹೋಗುವುದು ಅಷ್ಟೇ. ಹಾಗಾದರೆ ಯಾಕೆ? ಯಾರೂ ಯಾರ ಋಣದಲ್ಲೂ ಇರಬಾರದು, ಆದರೆ ಒಂದು ಗಂಟೆ ಕಾಲ ಎಲ್ಲರೂ ಎಲ್ಲರ ಋಣದಲ್ಲೂ ಇರಬೇಕು. ನಾನು ಟೆಸ್ಟಿಂಗ್‌ನವನು, ಇದರ ಬಗ್ ಕೂಡ ಹುಡುಕಿದೆ. ಐದು ಜನ ಇದ್ದರೆ ಐದು ಪೈಂಟ್ ಕುಡಿಯದೆ ಬಿಡುಗಡೆ ಇಲ್ಲ. 5 ಇಂಟು 568, ಅಂದರೆ 2 ಲೀಟರ್ 840 ಎಂಎಲ್. ಮೂರನೆಯದರಿಂದ ಅರ್ಧ ಪೈಂಟ್ ಕೇಳಬಹುದು ಅಂತ ನನಗೆ ಹೇಳಿಕೊಟ್ಟಿದ್ದು ಮುಂದಿನ ವಾರ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಸರ್ಕಾರ ಇದಕ್ಕೆ ಹೆದರಿ, 1915ರಿಂದ ಹಲವು ಕಡೆ ಒಬ್ಬರು ಇನ್ನೊಬ್ಬರಿಗೆ ಕುಡಿಸುವುದನ್ನೇ ಅಪರಾಧ ಮಾಡಿತ್ತು. ಮದ್ದುಗುಂಡು ತಯಾರಿಸುವವರು ಕುಡಿದು ಕೆಲಸಕ್ಕೆ ತಪ್ಪಿಸಿಕೊಳ್ಳುತ್ತಾರೆ ಅಂತ. ಅಂದರೆ ಗೆಳೆಯನಿಗೆ ಬಿಯರ್ ಕೊಡಿಸಿದರೆ ಕೋರ್ಟು.

ಫೋಟೋ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ರೌಂಡ್ ಕೊಡಿಸಿ ಧೈರ್ಯ ಬಂದಿತ್ತಲ್ಲ, ಫೋನ್ ತೆಗೆದೆ. ಮಸುಕು ಗಾಜು, ಹರಿದ ಸೀಟು, ಹಳದಿ ಜಾಕೆಟ್ಟು, ಎಲ್ಲ ಒಂದೇ ಫ್ರೇಮಿನಲ್ಲಿ ಬರುತ್ತಿತ್ತು. ಕೌಂಟರಿನಿಂದ ಪ್ರಶ್ನೆ ಬಂತು. "ಯಾರಿಗೆ ತೋರಿಸೋಕೆ?" ಜಗಳದ ದನಿ ಅಲ್ಲ, ನಿಜವಾಗಿ ಕೇಳಿದ್ದು. ನನಗೆ ಉತ್ತರ ಗೊತ್ತಿತ್ತು. ವಾಟ್ಸಾಪ್ ಗ್ರೂಪಿಗೆ ಹಾಕಿ "ನೋಡ್ರೋ, ಎಂಥ ಬಾರಲ್ಲಿದೀನಿ" ಅನ್ನೋಕೆ. ಫೋನ್ ಜೇಬಿಗೆ ಹಾಕಿದೆ. ಆ ಬಾರಿನ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ, ಅದಕ್ಕೇ ಇವತ್ತು ಪ್ರೊಜೆಕ್ಟರ್ ಬೇಡ ಅಂದಿದ್ದು.

ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದೆ. ಆ ಹಿರಿಯರು ವೆಲ್ಡರ್ ಆಗಿದ್ದವರು. 1971ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಅಪ್ರೆಂಟಿಸ್. ಆ ವರ್ಷ ಅಲ್ಲಿ ಏನಾಯಿತು ಅಂದರೆ, ಕ್ಲೈಡ್ ದಡದ ಹಡಗು ಕಟ್ಟೆಗಳನ್ನು ಸೇರಿಸಿ ಮಾಡಿದ್ದ ಅಪ್ಪರ್ ಕ್ಲೈಡ್ ಶಿಪ್‌ಬಿಲ್ಡರ್ಸ್ ಕಂಪನಿ ದಿವಾಳಿಯಾಯಿತು. ಆಗಿನ ಬ್ರಿಟನ್ ಪ್ರಧಾನಿ ಹೀತ್ ಅವರ ಸರ್ಕಾರ 60 ಲಕ್ಷ ಪೌಂಡ್ ಸಾಲ ಕೊಡಲು ಒಪ್ಪಲಿಲ್ಲ. ಸಾವಿರಾರು ಕೆಲಸ ಹೋಗುವುದಿತ್ತು. ಕಾರ್ಮಿಕರು ಮುಷ್ಕರ ಮಾಡಲಿಲ್ಲ. ಗೇಟಿನ ಒಳಗೆ ಹೋಗಿ ಕೆಲಸ ಮಾಡತೊಡಗಿದರು. ತೆಗೆದುಹಾಕಿದವರೂ ದಿನಾ ಬಂದು ಹಡಗು ಕಟ್ಟಿದರು! ಮುಂದಾಳುಗಳಲ್ಲಿ ಒಬ್ಬ ಜಿಮ್ಮಿ ರೀಡ್, ಗೋವನ್‌ನವನೇ. ಗಲಾಟೆ ಇರಕೂಡದು, ಏನನ್ನೂ ಒಡೆಯಕೂಡದು, ಕುಡಿತ ಗಿಡಿತ ಇರಕೂಡದು, ಜಗತ್ತು ನಮ್ಮನ್ನು ನೋಡುತ್ತಿದೆ ಅಂತ ಅವನು ಹೇಳಿದ ಮಾತು ಅಲ್ಲಿ ಎಲ್ಲರಿಗೂ ಬಾಯಿಪಾಠ. ಬಾರಿನಲ್ಲಿ ಲೋಟ ಹಿಡಿದುಕೊಂಡೇ ಹೇಳುತ್ತಾರೆ. ಬೀಟಲ್ಸ್‌ನ ಜಾನ್ ಲೆನನ್ ಈ ಹೋರಾಟಕ್ಕೆ ದುಡ್ಡು ಕಳಿಸಿದ್ದ. ಲೆನನ್‌ನಿಂದ ಚೆಕ್ ಬಂದಿದೆ ಅಂತ ಸುದ್ದಿ ಬಂದಾಗ ಒಬ್ಬ ಹಳೇ ಕಮ್ಯುನಿಸ್ಟ್, "ಲೆನಿನ್ ಸತ್ತು ಎಷ್ಟು ವರ್ಷ ಆಯ್ತಲ್ಲ?" ಅಂದನಂತೆ. ಇದು ನಡೆದದ್ದೋ ಕಟ್ಟಿದ್ದೋ, ನನಗೆ ಮೂರು ಜನ ಮೂರು ಸಲ ಹೇಳಿದರು, ಮೂರು ಸಲವೂ ನಕ್ಕೆ. 1972ರಲ್ಲಿ ಸರ್ಕಾರ ಮಣಿಯಿತು. ಗೋವನ್‌ನಲ್ಲಿ ಈಗಲೂ ಹಡಗು ಕಟ್ಟುತ್ತಾರೆ, ನೌಕಾಪಡೆಗೆ. ಹಳದಿ ಜಾಕೆಟ್ಟಿನವನು ಅಲ್ಲಿಯವನೇ.

ನಾನೂ ಹೇಳಿದೆ. ನಮ್ಮ ಊರಿನಲ್ಲಿ 1980ರ ಡಿಸೆಂಬರ್ ಕೊನೆಗೆ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಎಲ್ಲ ಒಟ್ಟಿಗೆ ನಿಂತಿದ್ದವು. ಅಪ್ಪ ಅದರಲ್ಲಿ ಇದ್ದರು. ಮನೆಯಲ್ಲಿ ಎರಡು ಹೊತ್ತೂ ರಾಗಿ ಮುದ್ದೆ, ಹುರುಳಿ ಸಾರು. ಹಿರಿಯರು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಆಗ ನಿಮ್ಮಪ್ಪನಿಗೆ ಬಾರಿನವನು ಸಾಲ ಕೊಟ್ಟನಾ?" ನನಗೆ ಗೊತ್ತಿರಲಿಲ್ಲ. ಅಪ್ಪನ ಸಂಬಳ, ಗ್ರೇಡು, ಪಿ.ಎಫ್. ಎಲ್ಲ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ವಿಸ್ಕಿ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ಭಾರತದಲ್ಲಿ ಎಂಥ ವಿಸ್ಕಿ ಅಂತ ಒಬ್ಬ ನಕ್ಕ. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮಾಡುತ್ತಾರೆ, ಅದು ಮೊದಲು ಮಾರಾಟಕ್ಕೆ ಬಿಡುಗಡೆಯಾಗಿದ್ದು ನಿಮ್ಮ ಗ್ಲಾಸ್ಗೋದಲ್ಲೇ, 2004ರ ಆಗಸ್ಟ್‌ನಲ್ಲಿ ಅಂದೆ. ನಂಬಲಿಲ್ಲ. ಫೋನಿನಲ್ಲಿ ತೋರಿಸಿದೆ. ನಿಮ್ಮಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ನಮ್ಮ ಸೆಕೆಗೆ ಹತ್ತು ಪಾಲು ದಾಟುತ್ತದೆ, ಅದಕ್ಕೇ ಬೇಗ ಮಾಗುತ್ತದೆ ಅಂತಲೂ ಹೇಳಿದೆ. ಹಾಗೆ ಆವಿಯಾಗಿ ಹೋಗುವುದಕ್ಕೆ ಅಲ್ಲಿ "ದೇವತೆಗಳ ಪಾಲು" ಅಂತಾರೆ. ಆತ ಯೋಚಿಸಿ, "ಹಾಗಾದ್ರೆ ನಿಮ್ಮ ದೇವರುಗಳಿಗೆ ನಮ್ಮವರಿಗಿಂತ ಜಾಸ್ತಿ ಸಿಗುತ್ತೆ" ಅಂದ. ಲೆಕ್ಕ ಸರಿ. ನಮ್ಮಲ್ಲಿ ದೇವರುಗಳೂ ಜಾಸ್ತಿ.

(ಇಲ್ಲಿ ಮೂರನೇ ಸಾಲಿನಿಂದ ಒಬ್ಬ ಹಿರಿಯ ಮಹಿಳೆ ಎದ್ದು ಕೇಳಿದರು: "ಎಲ್ಲ ಚೆನ್ನಾಗಿ ಹೇಳ್ತಿದೀರಿ. ನಿಮ್ಮ ಅಮ್ಮನ್ನ ಇಲ್ಲಿ ನಿಲ್ಲಿಸಿದ್ರೆ ಇದೇ ಕಥೆ ಹೇಳ್ತಿದ್ರಾ?")

ಇಲ್ಲ ಮೇಡಂ. ಅಮ್ಮ ಹೇಳುವ ಕಥೆಯಲ್ಲಿ ನಗು ಇರುತ್ತಿರಲಿಲ್ಲ. ಸಂಬಳದ ದಿನ ರಾಗಿ ಡಬ್ಬದ ತಳದಲ್ಲಿ ದುಡ್ಡು ಬಚ್ಚಿಡುತ್ತಿದ್ದವರು ಅವರು. ಗ್ಲಾಸ್ಗೋದಲ್ಲೂ ಅದೇ. ಸಂಬಳದ ದಿನ ಹೆಂಡತಿಯರು ಕಾರ್ಖಾನೆ ಗೇಟಿಗೇ ಹೋಗಿ ನಿಲ್ಲುತ್ತಿದ್ದರಂತೆ, ದುಡ್ಡು ಬಾರಿಗೆ ಮುಟ್ಟುವ ಮೊದಲು ಇಸಿದುಕೊಳ್ಳಲು. ನಮ್ಮಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆದಾಗ ಖುಷಿಪಟ್ಟವರು ಯಾರು ಅಂತ ನನಗೂ ಗೊತ್ತು. ಆದರೆ ಪ್ಯಾಕೆಟ್ ಸಾರಾಯಿ ಹೋಯಿತು, ಕುಡಿಯುವವರು ಹೋಗಲಿಲ್ಲ. ಅಗ್ಗದ ವಿಸ್ಕಿಗೆ ಬಂದರು. 2023ರಲ್ಲಿ ಅದರ ಮೇಲಿನ ಹೆಚ್ಚುವರಿ ಸುಂಕ ನೂರಕ್ಕೆ 20ರಷ್ಟು ಏರಿತು. ಸ್ಕಾಟ್ಲೆಂಡಿನಲ್ಲಿ 2018ರ ಮೇ 1ರಿಂದ ಒಂದು ಯೂನಿಟ್, ಅಂದರೆ 10 ಎಂಎಲ್ ಶುದ್ಧ ಆಲ್ಕೋಹಾಲ್, 50 ಪೆನ್ಸ್‌ಗಿಂತ ಕಮ್ಮಿಗೆ ಮಾರುವ ಹಾಗಿಲ್ಲ. ಈಗ ಅದು 65 ಪೆನ್ಸ್. ದುಬಾರಿ ವಿಸ್ಕಿ ಕುಡಿಯುವವನಿಗೆ ಇದು ತಟ್ಟುವುದೇ ಇಲ್ಲ. ಕಾನೂನು ತಪ್ಪು ಅನ್ನುತ್ತಿಲ್ಲ. ಆರೋಗ್ಯದ ಪ್ರಶ್ನೆ ಇದೆ. ಬಿಸಿ ಮಾತ್ರ ಯಾವಾಗಲೂ ಒಂದೇ ಕಡೆಯ ಲೋಟಕ್ಕೆ ತಾಗುತ್ತದೆ.

ಊರಿಗೆ ಬಂದು ಅಮ್ಮನಿಗೆ ಇದೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ. "ಅಲ್ಲಿ ಹೆಂಗಸರು ಎಲ್ಲಿ ಕೂರ್ತಾರೆ?" ಒಳ್ಳೇ ಪ್ರಶ್ನೆ ಅಲ್ವಾ? ಹಳೇ ಬಾರ್‌ಗಳಲ್ಲಿ ಹೆಂಗಸರಿಗೆ ಒಂದು ಗೂಡಿನಂಥ ಕೋಣೆ ಇರುತ್ತಿತ್ತು, ಸ್ನಗ್ ಅಂತ. ಹೊರಗಿನವರಿಗೆ ಕಾಣದ ಹಾಗೆ, ಕಿಂಡಿಯಿಂದ ಲೋಟ ಕೊಡುವ ಹಾಗೆ. ನಮ್ಮ "ಫ್ಯಾಮಿಲಿ ರೂಂ" ಅಂದುಕೊಳ್ಳಿ. ಹೆಂಗಸು ಅನ್ನೋ ಕಾರಣಕ್ಕೆ ಸೇವೆ ನಿರಾಕರಿಸುವ ಹಾಗಿಲ್ಲ ಅಂತ ಕಾನೂನು ಬಂದಿದ್ದು 1975ರಲ್ಲಿ. ನಾನು ಹೋಗುತ್ತಿದ್ದ ಬಾರಿನಲ್ಲಿ ಎಪ್ಪತ್ತರ ಇಬ್ಬರು ಅಜ್ಜಿಯರು ಬಾಗಿಲ ಹತ್ತಿರದ ಟೇಬಲಿನಲ್ಲಿ ವೋಡ್ಕಾ ಇಟ್ಟುಕೊಂಡು ಲಾಟರಿ ಚೀಟಿ ಗೀಚುತ್ತಾ ಕೂತಿರುತ್ತಿದ್ದರು. ಅದನ್ನು ಹೇಳಿದಾಗ ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಉತ್ತರ ಸಾಕಾ ಮೇಡಂ? ಸಾಲದು, ಗೊತ್ತು.

ಸ್ಕಾಟ್ಲೆಂಡಿನ ಇನ್ನೊಂದು ಹಳೇ ಕಾನೂನು ನನಗೆ ತುಂಬಾ ಇಷ್ಟ. 1853ರಲ್ಲಿ ಭಾನುವಾರ ಬಾರ್‌ಗಳೆಲ್ಲ ಬಂದ್ ಅಂತ ಮಾಡಿದರು. ಆದರೆ ಹೋಟೆಲಿನವರು ದೂರದಿಂದ ಬಂದ ನಿಜವಾದ ಪ್ರಯಾಣಿಕರಿಗೆ ಕೊಡಬಹುದಿತ್ತು. ನೂರಕ್ಕೂ ಹೆಚ್ಚು ವರ್ಷ, ಭಾನುವಾರ ಬಂತೆಂದರೆ ಆ ದೇಶದಲ್ಲಿ ರಾಜಾರೋಷವಾಗಿ ಕುಡಿಯಬಹುದಾಗಿದ್ದವನು ಪರಸ್ಥಳದವನು ಮಾತ್ರ. ಊರವರೂ ಪಕ್ಕದ ಊರಿಗೆ ನಡೆದು ಹೋಗಿ ಪ್ರಯಾಣಿಕರಾಗುತ್ತಿದ್ದರು.

ನಾನೂ ಅದನ್ನೇ ಮಾಡಿದ್ದು. ಮನೆಯಿಂದ ನಾಲ್ಕು ಕ್ರಾಸ್ ದೂರದ ಬಾರಿಗೆ ಹೋಗಲಾಗದೆ, ಸಮುದ್ರ ದಾಟಿ ಹೋಗಿ ಇನ್ಯಾರದೋ ಅಪ್ಪಂದಿರ ಜೊತೆ ಕುಡಿದೆ. ಅಲ್ಲಿ ನನಗೆ ನಾಚಿಕೆ ಇರಲಿಲ್ಲ, ಯಾಕಂದರೆ ಅಲ್ಲಿ ನಾನು ಯಾರ ಮಗನೂ ಅಲ್ಲ.

2019ರ ಜನವರಿಯಲ್ಲಿ ವಾಪಸ್ ಬಂದ ಮೇಲೆ, ಒಂದು ಮಂಗಳವಾರ ಸಂಜೆ, ರಾಜಾಜಿನಗರಕ್ಕೆ ಹೋದೆ. ಬಾರು ಇನ್ನೂ ಅಲ್ಲೇ ಇದೆ. ಗಣೇಶನ ಗುಡಿಗೆ ಗ್ರಾನೈಟ್ ಆಗಿದೆ, ಹಿಟ್ಟಿನ ಗಿರಣಿ ಜಾಗದಲ್ಲಿ ಮೊಬೈಲ್ ಅಂಗಡಿ. ಒಳಗೆ ಹೋದೆ. ಗೋವನ್‌ನಲ್ಲಿ ಆಗದೇ ಇದ್ದದ್ದು ಇಲ್ಲಿ ಆಯಿತು, ನಾಲ್ಕೈದು ಟೇಬಲಿನವರು ತಿರುಗಿ ನೋಡಿದರು. ಇಸ್ತ್ರಿ ಮಾಡಿದ ಶರ್ಟು, ಕನ್ನಡಕ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಜಾಗ ಇಲ್ಲದೆ ಗಾರೆ ಕೆಲಸದ ಇಬ್ಬರು ಹುಡುಗರ ಟೇಬಲಿನಲ್ಲೇ ಕೂತೆ. ರಾಯಚೂರು ಕಡೆಯವರು, ಕೈಗೆ ಇನ್ನೂ ಸಿಮೆಂಟು ಅಂಟಿತ್ತು. ಅವರ ಮಾತು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಮೆಲ್ಲಗೆ ಕೇಳಿದ. "ಸರ, ನೀವು ಎಕ್ಸೈಸ್‌ನವ್ರೇನ್ರೀ?"

ಅಲ್ಲ ಅಂದೆ. ನಂಬಿದ ಹಾಗೆ ಕಾಣಲಿಲ್ಲ. "ಏನು ತಗೋತೀರಾ?" ಅಂತ ಇಬ್ಬರನ್ನೂ ಕೇಳಿದೆ, ಗೋವನ್ ಬುದ್ಧಿ. ಅದರಿಂದ ಅನುಮಾನ ಇನ್ನೂ ಜಾಸ್ತಿಯಾಯಿತು. ಎಕ್ಸೈಸ್‌ನವರು ಕೊಡಿಸುವುದಿಲ್ಲ ಅನ್ನೋದು ಹೊಳೆದ ಮೇಲೆ ನಕ್ಕು ಒಂದೊಂದು ನೈಂಟಿ ಹೇಳಿದರು. ಬೋಟಿ ಪ್ಲೇಟನ್ನು ನನ್ನ ಕಡೆ ತಳ್ಳಿದರು.

ಕ್ಯಾಶ್ ಕೌಂಟರಿನಲ್ಲಿ ಒಬ್ಬ ಮುದುಕರು ನನ್ನನ್ನೇ ನೋಡುತ್ತಿದ್ದರು. ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗ ಸಪ್ಲೈಯರ್ ಆಗಿ ಸೇರಿ, ಈಗ ಗಲ್ಲಾದಲ್ಲಿ ಕೂತಿದ್ದಾರೆ. ಎದ್ದು ಬಂದು, "ಟರ್ನರ್ ಸಾರ್ ಮಗ ಅಲ್ವಾ?" ಅಂದರು. ಹೇಗೆ ಗೊತ್ತಾಯಿತು ಅಂದೆ. "ಮೂಗು ಹಾಗೇ ಇದೆ."

ಗೋವನ್‌ನ ಪ್ರಶ್ನೆಯನ್ನು ಅವರಿಗೆ ಕೇಳಿದೆ. ಮುಷ್ಕರ ನಡೆದಾಗ ಅಪ್ಪನಿಗೆ ಸಾಲ ಕೊಟ್ಟಿದ್ದರಾ? "ಎಲ್ಲರಿಗೂ ಬರ್ದಿಟ್ಟಿದ್ವಿ ಸಾರ್. ನಿಮ್ಮಪ್ಪ ಬರೆಸಲಿಲ್ಲ. ಆ ಎರಡೂವರೆ ತಿಂಗಳು ಈ ಕಡೆಗೇ ಬರಲಿಲ್ಲ. ಗುಡಿ ಹತ್ರ ಕೂತಿರೋರು." ಆಮೇಲೆ ಗೋಡೆ ಪಕ್ಕದ ಒಂದು ಟೇಬಲ್ ತೋರಿಸಿದರು. "ಬೇರೆ ದಿನ ಅಂದ್ರೆ, ಅಲ್ಲೇ. ಬೇರೆ ಎಲ್ಲೂ ಕೂರೋರಲ್ಲ. ಅಲ್ಲಿ ಯಾರಾದ್ರೂ ಕೂತಿದ್ರೆ ಗೋಡೆಗೆ ಒರಗಿ ನಿಂತೇ ಕುಡಿಯೋರು. ಅಲ್ಲಿಂದ ಬಾಗಿಲ ಕೆಳಗೆ ಹೊರಗಡೆ ಕಾಣ್ತಿತ್ತು. ಎರಡು ಸಣ್ಣ ಕಾಲು ಬಂದು ನಿಂತ ತಕ್ಷಣ ಲೋಟ ಖಾಲಿ ಮಾಡಿ ಏಳೋರು. 'ನನ್ನ ಸೈರನ್ ಆಯ್ತು, ಹೊರಟೆ' ಅನ್ನೋರು."

ಬಾಗಿಲ ಕಡೆ ತಿರುಗಿ ನೋಡಿದೆ. ಈಗ ಅಲ್ಲಿ ಕಪ್ಪು ಗಾಜು, ನೆಲದ ತನಕ.